ಅಂದಿನದನ್ನು ಅಂದೇ ಬರೆಯಿರಿ

ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲೇ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ಅಳೆದು ಡೈರಿಗೆ ಹತ್ತಿಸುತ್ತಾರೆ. ಅಷ್ಟಕ್ಕೇ ಪುಸ್ತಕ ಮುಚ್ಚಿಬಿಡುವುದು ನಮ್ಮವರ ಹಟ. ಉಳಿದದ್ದೆಲ್ಲ ತಲೆಯಲ್ಲಿದೆ, ಬರೆಯುವುದೇನು ಬಂತು ಎನ್ನುತ್ತಾರೆ. ಆ ತಲೆಯನ್ನು ನಂಬಬೇಡಿ ಎನ್ನುವುದಕ್ಕೇ ನಾನು ಇದನ್ನು ಬರೆಯುತ್ತಿರುವುದು. ರೊಬಸ್ಟಾಕ್ಕೆ ಹೂಮಳೆ ಸುಮಾರು ಒಂದು ಇಂಚಾದರೂ ಬೀಳಬೇಕು, ಎರಡು ಮೂರು ವಾರದೊಳಗೆ ಅರಳಿದ ಹೂ ಕಾಯಿಕಟ್ಟಲು ಬ್ಯಾಕಿಂಗ್ ಮಳೆಯೂ ಬರಬೇಕು. ಮಾರ್ಚ್‌ನಲ್ಲಿ 40 ಸೆಂಟು ಬಿದ್ದು ನಿಂತರೆ ಸ್ಪ್ರಿಂಕ್ಲರ್ ಹಾಕುವುದೋ ಇನ್ನೊಂದು ಮಳೆಗೆ ಕಾಯುವುದೋ ಎಂದು ಬೇಗನೆ ತೀರ್ಮಾನಿಸಬೇಕು. ಆಗ ನೆನಪಿಗೆ ಬರುವುದು ಭಾರಿ ಫಸಲು ಕೊಟ್ಟ ವರ್ಷ, ಇಲ್ಲವೇ ಪೂರಾ ಕೈಕೊಟ್ಟ ವರ್ಷ. ನಡುವಿನ ಸಾಧಾರಣ ವರ್ಷಗಳು ಅಳಿಸಿಹೋಗಿರುತ್ತವೆ. ತೀರ್ಮಾನಕ್ಕೆ ಬೇಕಾದದ್ದು ಅವೇ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಯಾವ ವರ್ಷ ಯಾವಾಗ ಅರಳಿತೆಂದು ಒಂಬತ್ತನೆಯ ಶತಮಾನದಿಂದ ತಿಳಿಯುವುದು ಹಳಬರ ದಿನಚರಿಗಳಿಂದ. ಹವಾಮಾನ ಬದಲಾಗಿದೆ ಎನ್ನುವ ವಿಜ್ಞಾನಿಗಳಿಗೆ ಅದು ಗಟ್ಟಿ ಪುರಾವೆ. ನಮ್ಮ ಸಕಲೇಶಪುರದ ಸುತ್ತಲಿನ ಮಂಜರಾಬಾದಿನಲ್ಲಿ ಕಾಫಿ ಬೆಳೆಯತೊಡಗಿ ನೂರೈವತ್ತು ವರ್ಷ ದಾಟಿದೆ. ಹೂ ಅರಳಿದ ದಿನವನ್ನೂ ಮಳೆಯ ಜೊತೆಗೇ ಬರೆದಿಡುವುದು ಎಷ್ಟರ ಕೆಲಸ?

ನಷ್ಟದ ಹೊತ್ತಿನಲ್ಲಂತೂ ಬರೆಯದಿದ್ದುದರ ಬೆಲೆ ದುಬಾರಿ. ರಾತ್ರಿ ಆನೆ ಹಿಂಡು ಇಳಿದು ಹೋದ ತೋಟದಲ್ಲಿ ಬೆಳಿಗ್ಗೆ ಸೀಳಿದ ಬೈನೆ, ಬುಡಸಮೇತ ಮಗುಚಿದ ಕಾಫಿ ಗಿಡ, ತುಳಿದು ಒಡೆದ ಪೈಪು ಬಿದ್ದಿರುತ್ತವೆ. ಹಿಂಡು ಪಕ್ಕದ ತೋಟದಲ್ಲೇ ನಿಂತಿದೆಯೇ, ಆಳುಗಳನ್ನು ಒಳಗೆ ಬಿಡಬಹುದೇ ಎಂಬ ಆತಂಕದಲ್ಲಿ ಪೆನ್ನು ಹಿಡಿಯಲು ಯಾರಿಗೂ ಮನಸ್ಸಿರುವುದಿಲ್ಲ. ದಿನಗಳು ಉರುಳಿದ ಮೇಲೆ ಪರಿಹಾರದ ಪರಿಶೀಲನೆಗೆ ಬರುವ ಅಧಿಕಾರಿ ಯಾವ ರಾತ್ರಿ, ಎಷ್ಟು ಗಿಡ, ಎಷ್ಟು ವರ್ಷದ್ದು ಎಂದು ಕೇಳುತ್ತಾರೆ. ಅಷ್ಟರಲ್ಲಿ ಬಿದ್ದದ್ದನ್ನು ಕಡಿದು ಸಾಗಿಸಿಯಾಗಿರುತ್ತದೆ, ಹಿಂಡು ಇನ್ನೊಮ್ಮೆ ಬಂದು ಹೋಗಿರುತ್ತದೆ. ಮಾಲೀಕರು ಒಂದು ಹೇಳಿದರೆ ತೋಟದ ಲೆಕ್ಕ ನೋಡುವ ರೈಟರ್ ಇನ್ನೊಂದು ಹೇಳುತ್ತಾರೆ. ಕಾಗದಕ್ಕೆ ಬೀಳುವುದು ಎಲ್ಲಕ್ಕಿಂತ ಕಡಿಮೆಯ ಅಂಕಿ. ತಡವಾಗಿ ಬಂದು ನಿಖರ ಲೆಕ್ಕ ಕೇಳುವ ಈ ರೀತಿಯ ಮೇಲೆ ನನಗೆ ಸಿಟ್ಟಿದೆ, ಅದು ನ್ಯಾಯವಾದ ಸಿಟ್ಟು. ಆದರೆ ಸಿಟ್ಟಿಗೆ ಪರಿಹಾರ ಸಿಗುವುದಿಲ್ಲ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಹಿಂಡುಗಳು ಬರುವುದು ನಿಂತಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಸೆರೆಗೆ ಹೋದ ದಸರಾ ಆನೆ ಅರ್ಜುನನೇ ಪ್ರಾಣ ಬಿಟ್ಟಿತು. ಬೇಗ ಮುಗಿಯದ ಈ ತೊಂದರೆಗೆ ತೋಟದ ಕಡೆಯಿಂದ ನಿತ್ಯದ ದಾಖಲೆ ಬೇಕೇ ಬೇಕು.

ಮಳೆಯ ಅಂಕಿ ಸರ್ಕಾರದ ಬಳಿಯೇ ಇದೆಯಲ್ಲ ಎನ್ನಬಹುದು. ಇದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲಿದೆ. ಆದರೆ ಮಲೆನಾಡಿನಲ್ಲಿ ಗುಡ್ಡದ ಈಚೆ ಸುರಿದ ಮಳೆ ಆಚೆ ಬಿದ್ದಿರುವುದಿಲ್ಲ. ಮೊಬೈಲ್ ಫೋಟೋ ಸಾಕು ಎನ್ನುವವರೂ ಇದ್ದಾರೆ. ಫೋಟೋ ಬಿದ್ದ ಗಿಡವನ್ನು ತೋರಿಸುತ್ತದೆ, ಮೊದಲು ಅಲ್ಲಿ ಎಷ್ಟು ಗಿಡವಿತ್ತು ಎಂದು ತೋರಿಸುವುದಿಲ್ಲ. ನಿಮ್ಮ ಡೈರಿ ನಿಮಗೆ ಬೇಕಾದಂತೆ ಬರೆದದ್ದು ತಾನೇ ಎಂಬ ಆಕ್ಷೇಪ ಮಾತ್ರ ತೂಕದ್ದು. ಹಿಂದಿನ 1872ರ ಸಾಕ್ಷ್ಯ ಕಾಯ್ದೆಯಂತೆಯೇ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮವೂ ಸಾಕ್ಷಿಯಾದವನು ತಾನು ಬರೆದದ್ದನ್ನು ನೋಡಿ ನೆನಪು ಮಾಡಿಕೊಳ್ಳಲು ಬಿಡುತ್ತದೆ. ಆದರೆ ಅದು ಘಟನೆಯ ಹೊತ್ತಿನಲ್ಲೋ ತೀರಾ ಹತ್ತಿರದಲ್ಲೋ ಬರೆದದ್ದಾಗಿರಬೇಕು. ಅಂದೇ ಬರೆದದ್ದೆಂದು ನಂಬಿಸುವುದು ನಿತ್ಯದ ಬರಹ; ಹಾಗಾಗಿ ನಷ್ಟವಾದ ದಿನ ಮಾತ್ರ ಬರೆದ ಡೈರಿಗೆ ಬೆಲೆ ಕಡಿಮೆ. ‘ಮಳೆ ಇಲ್ಲ. ಆಳು 9. ಕೆಳಗಿನ ಬ್ಲಾಕ್‌ನಲ್ಲಿ ಚಿಗುರು ತೆಗೆದಿದೆ. ಆನೆ ಇಲ್ಲ’ ಎಂಬಂಥ ಸಪ್ಪೆ ಪುಟಗಳು ಸಾಲಾಗಿದ್ದಾಗ ನಷ್ಟದ ಪುಟವನ್ನೂ ನಂಬುತ್ತಾರೆ.

ಇನ್ನೊಂದು ಮಾತು. ತೋಟದ ಚೆಕ್‌ರೋಲ್ ಮಾಲೀಕರ ಕಡೆಯ ಲೆಕ್ಕ. ಕೆಲಸಕ್ಕೆ ಬರುವವರೂ ತಮ್ಮ ಹಾಜರಿ, ಹಣ್ಣು ಕೊಯ್ದ ಕಿಲೋ, ಪಡೆದ ಮುಂಗಡವನ್ನು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಇದರಿಂದ ಜಗಳ ಹೆಚ್ಚುತ್ತದೆ ಎಂದು ಕೆಲವು ಮಾಲೀಕರು ಹೆದರುತ್ತಾರೆ. ಎರಡು ಪುಸ್ತಕ ತಾಳೆಯಾಗದಿದ್ದರೆ ಬಟವಾಡೆಯ ದಿನವೇ ಕೂತು ಸರಿಪಡಿಸಿಕೊಳ್ಳಬಹುದು; ಕೊಯ್ಲು ಮುಗಿದು ಆಳುಗಳು ಊರಿಗೆ ಹೊರಟ ಮೇಲೆ ಯಾರ ಲೆಕ್ಕ ಸರಿಯೆಂದು ಹೇಳಲು ಇಬ್ಬರಿಗೂ ಆಗುವುದಿಲ್ಲ.