ಅರಿಯದ ಅಕ್ಕರೆ

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ಸುತ್ತಣ ಎರೆಭೂಮಿ ಹಿಂಗಾರಿ ಜೋಳಕ್ಕೆ ಹೆಸರಾದುದು. ಅದರ ಕಾಳು ಮನುಷ್ಯನಿಗೆ ರೊಟ್ಟಿಯಾದರೆ ಕಣಿಕೆ ದನಗಳಿಗೆ ಮೇವು. ಇಲ್ಲಿಯ ರೈತರ ಮನೆಗಳಲ್ಲಿ ಆಕಳ ಕರು ಮಕ್ಕಳ ಒಡನಾಡಿ.

ಸುಗ್ಗಿ ಮುಗಿದ ಹೊಲದಲ್ಲಿ ಅಕಾಲದ ಮಳೆ ಬಿದ್ದರೆ ಕೂಳೆ ಚಿಗುರುತ್ತದೆ. ಒಣ ಕಣಿಕೆಯನ್ನೇ ತಿನ್ನುವ ಕರುವಿಗೆ ಹಸಿರು ತಿನ್ನಿಸುವ ಆಸೆಯಿಂದ ಮಗುವೊಂದು ಆ ಚಿಗುರನ್ನು ಕೊಯ್ದು ತರುವುದುಂಟು. ತಿಂದ ಕೆಲಹೊತ್ತಿಗೇ ಕರು ಏದುಸಿರು ಬಿಡುತ್ತದೆ. ಜೊಲ್ಲು ಸುರಿಸಿ, ತತ್ತರಿಸಿ ನೆಲಕ್ಕುರುಳುತ್ತದೆ. ತಾನೇನು ತಪ್ಪು ಮಾಡಿದೆನೆಂಬುದು ಅಳುವ ಮಗುವಿಗೆ ತಿಳಿಯದು.

ಇದಕ್ಕೆ ಕಾರಣ ಧುರ್ರಿನ್ ಎಂಬ ವಸ್ತು. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳು ಎಳೆಯ ಜೋಳದಲ್ಲಿ ಇದನ್ನು ಗುರುತಿಸಿದರು. ಎಲೆಯನ್ನು ಅಗಿದಾಗ ಇದು ಒಡೆದು ಹೈಡ್ರೊಸಯನಿಕ್ ಆಮ್ಲ ಹೊರಬರುತ್ತದೆ. ಆಗ ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಎಳೆಯ ಪೈರು, ನೀರಿಲ್ಲದೆ ಬಾಡಿದ ಪೈರು ಮತ್ತು ಕೂಳೆಯ ಚಿಗುರುಗಳಲ್ಲಿ ಈ ವಿಷ ಹೆಚ್ಚು. ಹೂಬಿಟ್ಟ ಬಳಿಕ ಕಡಿಮೆ. ಪಶುವೈದ್ಯರು ತಡವಿಲ್ಲದೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ನೀಡಿದರೆ ಪ್ರಾಣ ಉಳಿಯಬಹುದು.

ಮೇವು ತಂದ ಮಗುವನ್ನು ಜರೆದು ಫಲವಿಲ್ಲ. ಅದು ತಂದುದು ಪ್ರೀತಿಯಿಂದಲೇ. ಆದರೆ ಮೂಕಪ್ರಾಣಿಯು ಸಾಕಿದವರ ಕೈಯನ್ನು ನಂಬಿ, ಕೊಟ್ಟುದನ್ನು ತಿನ್ನುತ್ತದೆ. ಆದುದರಿಂದ ಯಾವ ಮೇವನ್ನು ಯಾವಾಗ ಕೊಡಬಾರದೆಂಬುದನ್ನು ಹಿರಿಯರು ಮಕ್ಕಳಿಗೆ ಮೊದಲೇ ತಿಳಿಸಬೇಕು. ಅಕ್ಕರೆಯೊಡನೆ ಅರಿವೂ ಕೂಡಿದಾಗಲೇ ಸಾಕುಪ್ರಾಣಿಗೆ ಕ್ಷೇಮ.