ಖಾತೆಪುಸ್ತಕದಲ್ಲಿ ಕಾಣದ ಬಂಡವಾಳ: ಸಂಶೋಧನೆಯ ವೆಚ್ಚವನ್ನು ಭರಿಸುವವರು ಯಾರು?

ದಾಲ್ ಮಿಲ್ಲಿನ ಮಾಲೀಕರು ವರ್ಷಾಂತ್ಯದಲ್ಲಿ ಲಾಭ-ನಷ್ಟದ ತಖ್ತೆಯನ್ನು ಸಿದ್ಧಪಡಿಸುವಾಗ ತೊಗರಿಯ ಖರೀದಿ, ಹಮಾಲಿ, ವಿದ್ಯುತ್, ಬಡ್ಡಿ, ಸವಕಳಿ ಇವೆಲ್ಲವನ್ನೂ ತಪ್ಪದೆ ನಮೂದಿಸುತ್ತಾರೆ. ಆ ತೊಗರಿಯ ತಳಿಯನ್ನು ರೂಪಿಸಿದ ಸಂಶೋಧನೆಯ ವೆಚ್ಚಕ್ಕೆ ಮಾತ್ರ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಅದನ್ನು ಬೇರೆ ಯಾರೋ, ಬೇರೆ ಯಾವುದೋ ಕಾಲದಲ್ಲಿ ಭರಿಸಿರುತ್ತಾರೆ. ವಿಜಯಪುರದ ಮಾರುಕಟ್ಟೆಗೆ ಬರುವ ಜೋಳ, ಕಡಲೆ, ತೊಗರಿ, ಒಣದ್ರಾಕ್ಷಿಗಳ ಮಟ್ಟಿಗೆ ಈ ವೆಚ್ಚದ ಬಹುಭಾಗ ಬಂದಿರುವುದು ಸಾರ್ವಜನಿಕ ಬೊಕ್ಕಸದಿಂದ. ಅದರಲ್ಲಿ ಪರದೇಶಗಳ ತೆರಿಗೆದಾರರ ಪಾಲೂ ಉಂಟು.

ಈ ಸೀಮೆಯಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದದ್ದು 1933ರಲ್ಲಿ. ಅಂದಿನ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿಯ ಹಣದಿಂದ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಹಾಗೂ ರೋಹ್ಟಕ್‌ಗಳಲ್ಲಿ ಕೇಂದ್ರಗಳು ಸ್ಥಾಪನೆಗೊಂಡವು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬುದು ಜನರ ಮಾತು. ಡೋಣಿ ಹರಿಯದ ವರ್ಷ ಏನು ಮಾಡಬೇಕೆಂಬುದು ಆ ಕೇಂದ್ರದ ಪ್ರಶ್ನೆ. 1970ರಲ್ಲಿ ಅಖಿಲ ಭಾರತ ಸಮನ್ವಯ ಒಣಬೇಸಾಯ ಸಂಶೋಧನಾ ಯೋಜನೆಯು ಕೆನಡಾ ಸರ್ಕಾರದ ನೆರವಿನೊಂದಿಗೆ ಪ್ರಾರಂಭವಾದಾಗ ಬಿಜಾಪುರವೂ ಅದರ ಕೇಂದ್ರಗಳಲ್ಲೊಂದಾಯಿತು. ಕಪ್ಪು ಭೂಮಿಯಲ್ಲಿ ಮುಂಗಾರಿನ ಮಳೆಯನ್ನು ಚೌಕುಮಡಿಗಳಲ್ಲಿ ತಡೆದು, ಆ ತೇವದಲ್ಲಿಯೇ ಹಿಂಗಾರಿ ಜೋಳ ಬೆಳೆಯುವ ಶಿಫಾರಸು ಇಂತಹ ಪ್ರಯೋಗಗಳ ಫಲ.

ತೊಗರಿಯ ಕಥೆ ವರ್ತಕರಿಗೆ ಇನ್ನೂ ಹತ್ತಿರದ್ದು. ಜನರು ನೆಟೆ ರೋಗವೆನ್ನುವ ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೂ-ಕಾಯಿ ಕಟ್ಟುವ ವೇಳೆಗೆ ಗಿಡ ಒಣಗಿ ನಿಂತರೆ ಯಾವ ಸಿಂಪರಣೆಯೂ ಅದನ್ನು ಉಳಿಸಲಾರದು. ನಿರೋಧಕ ತಳಿಯೊಂದೇ ಭದ್ರವಾದ ಉಪಾಯ. 1972ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್, ರೋಗಾಣು ತುಂಬಿದ ತಾಕಿನಲ್ಲಿ ಸಾಲುಸಾಲಾಗಿ ತೊಗರಿ ಬಿತ್ತಿ, ಬದುಕುಳಿದ ಗಿಡಗಳನ್ನು ಆಯ್ದುಕೊಂಡಿತು. ಹಾಗೆ ದೊರೆತ ಐಸಿಪಿ 8863 ಎಂಬ ಆಯ್ಕೆಯು 1986ರಲ್ಲಿ "ಮಾರುತಿ" ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಗಿ ಉತ್ತರದ ಜಿಲ್ಲೆಗಳಲ್ಲಿ ಹಬ್ಬಿತು. ಅದೇ ಸಂಸ್ಥೆ ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಬಂದ ಕಡಲೆ ತಳಿ ಜೆಜಿ-11 ಬಿಡುಗಡೆಯಾದದ್ದು 1999ರಲ್ಲಿ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇಕ್ರಿಸ್ಯಾಟ್‌ನ ಮುಖ್ಯ ಬೆಳೆಗಳು; ವಿಜಯಪುರದ ಅಡತಿ ಅಂಗಡಿಗಳಲ್ಲಿ ತೂಗುವುದೂ ಹೆಚ್ಚಾಗಿ ಇವುಗಳನ್ನೇ.

ಖಾಸಗಿ ಬೀಜ ಕಂಪನಿಗಳು ಈ ಕೆಲಸಕ್ಕೆ ಏಕೆ ಮುಂದಾಗಲಿಲ್ಲ? ಉತ್ತರ ಸರಳವಾದ ವ್ಯಾಪಾರದ ಲೆಕ್ಕ. ಮೆಕ್ಕೆಜೋಳ, ಹತ್ತಿಗಳ ಹೈಬ್ರಿಡ್ ಬೀಜವನ್ನು ರೈತ ಪ್ರತಿವರ್ಷ ಕೊಳ್ಳಲೇಬೇಕು. ತೊಗರಿ, ಕಡಲೆಗಳಲ್ಲಿ ಒಮ್ಮೆ ಕೊಂಡ ಬೀಜವನ್ನು ಆತ ಮನೆಯಲ್ಲಿಯೇ ಎತ್ತಿಟ್ಟು ಬಿತ್ತುತ್ತಾನೆ, ನೆರೆಯವನಿಗೂ ಕೊಡುತ್ತಾನೆ. ಒಮ್ಮೆ ಮಾತ್ರ ಮಾರಾಟವಾಗುವ ಸರಕಿಗಾಗಿ ಹತ್ತು ವರ್ಷ ಬಂಡವಾಳ ತೊಡಗಿಸುವ ಜಾಣ ಉದ್ಯಮಿ ಸಿಗುವುದು ಕಷ್ಟ. ಅದಕ್ಕಾಗಿ ಆತನನ್ನು ದೂರುವಂತೆಯೂ ಇಲ್ಲ.

ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ಉದ್ಯಮವು ರೈತರ ಮತ್ತು ವರ್ತಕರ ಸ್ವಂತ ಸಾಹಸದಿಂದ ಬೆಳೆದದ್ದು ನಿಜ. ಆದರೆ ಬೇರಿನ ಮಟ್ಟಕ್ಕಿಳಿದು ನೋಡಿದರೆ ಅಲ್ಲಿಯೂ ಸಂಶೋಧನೆಯ ಋಣವಿದೆ. ಥಾಮ್ಸನ್ ಸೀಡ್‌ಲೆಸ್ ಬಳ್ಳಿಯನ್ನು ಕಸಿ ಕಟ್ಟುವ ಡಾಗ್ರಿಜ್ ಬೇರುಸಸಿಯ ಮೂಲ ಅಮೆರಿಕದ ಟೆಕ್ಸಾಸ್. ಉಪ್ಪುನೀರು ಮತ್ತು ಬರವನ್ನು ಅದು ಎಷ್ಟು ತಾಳುತ್ತದೆಂಬುದನ್ನು ನಮ್ಮಲ್ಲಿ ಪರೀಕ್ಷಿಸಿದ್ದು ಸರ್ಕಾರಿ ಸಂಸ್ಥೆಗಳು. ಹಣ್ಣನ್ನು ನೆರಳಿನ ಶೆಡ್ಡಿಗೇರಿಸುವ ಮುನ್ನ ಅದ್ದುವ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣವು ಸಿಪ್ಪೆಯ ಮೇಣದ ಪದರವನ್ನು ಸಡಿಲಿಸಿ ನೀರು ಬೇಗ ಹೊರಹೋಗುವಂತೆ ಮಾಡುತ್ತದೆ. ಬಣ್ಣ ಕಂದದಂತೆಯೂ ಕಾಯುತ್ತದೆ. ಮೆಡಿಟರೇನಿಯನ್ ದೇಶಗಳ ಈ ಹಳೆಯ ಪದ್ಧತಿಯ ಕಾರಣವನ್ನು ಶಾಸ್ತ್ರೀಯವಾಗಿ ಶೋಧಿಸಿದವರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಸ್ಥೆಯ ವಿಜ್ಞಾನಿಗಳು ಪ್ರಮುಖರು.

ಈ ಹಣದ ಹೊಳೆ ಈಗ ಬತ್ತತೊಡಗಿದೆ. 2025ರಲ್ಲಿ ಅಮೆರಿಕವು ತನ್ನ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಅನ್ನೇ ಮುಚ್ಚಿತು; ಅದರ ಅನುದಾನದಲ್ಲಿದ್ದ ಅನೇಕ ಕೃಷಿ ಸಂಶೋಧನಾ ಯೋಜನೆಗಳು ನಡುವೆಯೇ ನಿಂತವು. ಬ್ರಿಟನ್ನೂ ಅದೇ ವರ್ಷ ನೆರವಿನ ಕಡಿತವನ್ನು ಘೋಷಿಸಿತು. ಭಾರತವು 2020-21ರಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ರಾಷ್ಟ್ರೀಯ ಉತ್ಪನ್ನದ ಶೇ. 0.64 ಮಾತ್ರ. ಸೊರಗು ರೋಗದ ಶಿಲೀಂಧ್ರವಾದರೋ ಅನುದಾನಕ್ಕಾಗಿ ಕಾಯುವುದಿಲ್ಲ. ಹಳೆಯ ತಳಿಯ ನಿರೋಧಕ ಶಕ್ತಿ ಕುಂದಿ, ಹೊಸ ತಳಿ ಸಿದ್ಧವಿಲ್ಲದಿದ್ದರೆ ಮೊದಲ ಪೆಟ್ಟು ರೈತನಿಗೆ. ಎರಡನೆಯದು ಆವಕವಿಲ್ಲದೆ ಮಿಲ್ಲು ನಿಲ್ಲಿಸಿಯೂ ಬ್ಯಾಂಕಿನ ಬಡ್ಡಿ ಕಟ್ಟಬೇಕಾದವರಿಗೆ.

ಆದಾಯ ತೆರಿಗೆಯ ಕಾನೂನು ಇಲ್ಲಿ ಉತ್ತೇಜನ ನೀಡಬಹುದಿತ್ತು. 1961ರ ಕಾಯ್ದೆಯ 35ನೇ ಕಲಮಿನಡಿ ಅನುಮೋದಿತ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಗೆ ವೈಜ್ಞಾನಿಕ ಸಂಶೋಧನೆಗಾಗಿ 100 ರೂಪಾಯಿ ಕೊಟ್ಟವರು 2016-17ನೇ ಆರ್ಥಿಕ ವರ್ಷದವರೆಗೆ 175 ರೂಪಾಯಿಯನ್ನು ಆದಾಯದಿಂದ ಕಳೆಯಬಹುದಾಗಿತ್ತು. 2017-18ರಿಂದ ಅದು 150ಕ್ಕೆ, 2020-21ರಿಂದ 100ಕ್ಕೆ ಇಳಿಯಿತು. ಕಡಿಮೆ ದರದ ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಈ ದೇಣಿಗೆಯ ಕಡಿತವೇ ಇಲ್ಲ. ಕಮಿಷನ್ ಹಿಡಿದುಕೊಂಡು ನಗದನ್ನು ಮರಳಿಸುವ ನಕಲಿ ಸಂಸ್ಥೆಗಳಿಂದ ಈ ಸೌಲಭ್ಯಕ್ಕೆ ಕೆಟ್ಟ ಹೆಸರು ಬಂದದ್ದುಂಟು. ಇಲಿ ಸೇರಿತೆಂದು ಕಣಜವನ್ನೇ ಕೆಡವಿದಂತಾಯಿತು ಎನ್ನದೆ ವಿಧಿಯಿಲ್ಲ. ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೆ ನೀಡಲು ಏಳನೇ ಅನುಸೂಚಿಯಲ್ಲಿ ಅವಕಾಶವಿದೆ. ಆದರೆ ಆ ಹೊಣೆ ಬರುವುದು 5 ಕೋಟಿ ರೂಪಾಯಿ ನಿವ್ವಳ ಲಾಭವೇ ಮೊದಲಾದ ಮಿತಿಗಳನ್ನು ಮುಟ್ಟಿದ ಕಂಪನಿಗಳಿಗೆ ಮಾತ್ರ.

ಆಸ್ಟ್ರೇಲಿಯಾದ ಮಾರ್ಗ ಬೇರೆ. ಅಲ್ಲಿ ಕಾಯ್ದೆಯ ಪ್ರಕಾರ ಬೆಳೆಗಾರರು ತಮ್ಮ ಸರಕಿನ ಮೇಲೆ ಅಲ್ಪ ಲೆವಿ ತೆರುತ್ತಾರೆ. ಸಂಶೋಧನೆಗೆ ಮಾಡಿದ ವೆಚ್ಚಕ್ಕೆ ಸರ್ಕಾರವು ಸರಿಸಮನಾಗಿ ಹಣ ಸೇರಿಸುತ್ತದೆ. ಅದರ ಮಿತಿ ಉತ್ಪನ್ನದ ಒಟ್ಟು ಮೌಲ್ಯದ ಶೇ. 0.5. ಒಣದ್ರಾಕ್ಷಿಯೂ ಈ ಲೆವಿಗೆ ಒಳಪಟ್ಟಿದೆ. ಕಿಲೋಗೆ 200 ರೂಪಾಯಿ ದರವೆಂದು ಉದಾಹರಣೆಗಾಗಿ ಹಿಡಿದರೆ ಶೇ. 0.5 ಎಂದರೆ 1 ರೂಪಾಯಿ. 10 ಟನ್ನಿನ ಲಾರಿಯೊಂದಕ್ಕೆ 10,000 ರೂಪಾಯಿ. ತಿಕೋಟಾ, ಬಬಲೇಶ್ವರದ ವ್ಯಾಪಾರಸ್ಥರು ಸ್ವಇಚ್ಛೆಯಿಂದ ಇದರ ಕಾಲುಭಾಗವನ್ನು ಕೂಡಿಸಿ, ವಿಷಯ, ಅವಧಿ, ವರದಿಯ ದಿನಾಂಕಗಳನ್ನು ನಮೂದಿಸಿದ ಕರಾರಿನ ಮೇಲೆ ವಿಶ್ವವಿದ್ಯಾಲಯದ ಖಾತೆಗೆ ಚೆಕ್ ಮೂಲಕ ಸಂದಾಯ ಮಾಡಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ.