ನಲವತ್ತು ದಿನಗಳ ಉಪವಾಸ



ಶಿವರಾತ್ರಿಯ ಉಪವಾಸ ನಮಗೆ ಗೊತ್ತು. ರಂಜಾನ್ ತಿಂಗಳ ರೋಜಾ ಗೊತ್ತು. ನಮ್ಮ ಊರಿನ ಕ್ರೈಸ್ತರೂ ಉಪವಾಸ ಹಿಡೀತಾರೆ. ಅದು ನಲವತ್ತು ದಿನಗಳದು. ಅದಕ್ಕೆ ತಪಸ್ಸುಕಾಲ ಅಂತ ಹೆಸರು. ಇವತ್ತಿನ ಪಾಠ ಅದರ ಮೇಲೆ.

2026ರ ಕ್ಯಾಲೆಂಡರ್ ಇದ್ದರೆ ತೆಗೆಯಿರಿ. ಫೆಬ್ರವರಿ ಹಾಳೆ ನೋಡಿರಿ. 15ನೇ ತಾರೀಖು ಭಾನುವಾರ ಶಿವರಾತ್ರಿ. 18ನೇ ತಾರೀಖು ಬುಧವಾರ ತಪಸ್ಸುಕಾಲದ ಮೊದಲ ದಿನ. ರಂಜಾನ್ ಉಪವಾಸದ ಆರಂಭವೂ ಅದೇ ವಾರ. ಒಂದೇ ವಾರದಲ್ಲಿ ಮೂರು ಉಪವಾಸ! ಪ್ರತಿ ವರ್ಷ ಹೀಗೆ ಕೂಡಿ ಬರುವುದಿಲ್ಲ.

ಈಗ ಬೆರಳಿಟ್ಟು ಎಣಿಸಿರಿ. ಫೆಬ್ರವರಿ 18ರಿಂದ ಏಪ್ರಿಲ್ 4ರ ವರೆಗೆ ಎಷ್ಟು ದಿನ? 46 ಬರುತ್ತವೆ. ನಲವತ್ತು ಅಂದೆವಲ್ಲ, ಉಳಿದ ಆರು ಎಲ್ಲಿ ಹೋದವು? ನಡುವೆ ಆರು ಭಾನುವಾರ ಇವೆ. ಭಾನುವಾರ ಯೇಸು ಸಾವಿನಿಂದ ಎದ್ದು ಬಂದ ದಿನ ಎಂದು ಕ್ರೈಸ್ತರ ನಂಬಿಕೆ. ಅವತ್ತು ಉಪವಾಸವಿಲ್ಲ. 46ರಲ್ಲಿ 6 ಕಳೆಯಿರಿ. ಲೆಕ್ಕ ಸರಿಹೋಯಿತು. ಏಪ್ರಿಲ್ 5 ಭಾನುವಾರ ಈಸ್ಟರ್ ಹಬ್ಬ. ಈ ಹಬ್ಬದ ತಾರೀಖು ವರ್ಷವರ್ಷ ಬದಲಾಗುತ್ತದೆ. ಯುಗಾದಿಯ ಹಾಗೆ ಇದಕ್ಕೂ ಚಂದ್ರನ ಲೆಕ್ಕ ಉಂಟು. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ನೋಡ್ತಾರೆ. ಆ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್.

ನಲವತ್ತೇ ಯಾಕೆ? ಯೇಸು ಅಡವಿಯಲ್ಲಿ ನಲವತ್ತು ದಿನ ಉಪವಾಸ ಇದ್ದರು ಎಂದು ಬೈಬಲ್‌ನಲ್ಲಿದೆ. ಅದರ ನೆನಪಿಗೆ ಇದು.

ನಮ್ಮ ರಾಯಚೂರು ಜಿಲ್ಲೆಗೆ ಕ್ರೈಸ್ತ ಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ನೋಡಿರಿ. ಅದು ಕೋಟೆಗೆ ಹೆಸರಾದ ಊರು. ಮೊಹರಂ ಹಬ್ಬಕ್ಕೆ ಹಿಂದೂ ಮುಸಲ್ಮಾನರು ಕೂಡಿ ಸೇರುವ ಊರು. ಅಲ್ಲಿಯ ಕಥೋಲಿಕ ಸಮುದಾಯ ಬಿಜಾಪುರದ ಆದಿಲಶಾಹಿ ಕಾಲದ್ದು. ನಾನೂರು ವರ್ಷಕ್ಕೂ ಹಳೆಯದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಕಥೋಲಿಕ ಚರ್ಚುಗಳೆಲ್ಲ ಈಗ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಒಂದು ಚರ್ಚು, ಅದಕ್ಕೆ ಹೊಂದಿದ ಸುತ್ತಲಿನ ಊರುಗಳು ಸೇರಿದರೆ ಒಂದು ಧರ್ಮಕೇಂದ್ರ. ಕಥೋಲಿಕರಲ್ಲದ ಬೇರೆ ಸಭೆಯವರೂ ನಮ್ಮಲ್ಲಿ ಇದ್ದಾರೆ. ಅವರ ಪದ್ಧತಿ ಸ್ವಲ್ಪ ಬೇರೆ. ಈ ಪಾಠದಲ್ಲಿ ಹೇಳುವುದು ಕಥೋಲಿಕರ ಪದ್ಧತಿ.

ತಪಸ್ಸುಕಾಲ ಬರುವ ಹೊತ್ತು ಎಂಥದು, ನಿಮಗೇ ಗೊತ್ತು. ಜೋಳ, ಕಡಲೆ ರಾಶಿ ಆಗಿರುತ್ತದೆ. ಕಾಲುವೆಗೆ ನೀರು ಬಿಟ್ಟ ವರ್ಷ ಸಿಂಧನೂರು ಕಡೆ ಎರಡನೇ ಬೆಳೆ ನೆಲ್ಲು ನಿಂತಿರುತ್ತದೆ. ಒಣಭೂಮಿಯ ಊರುಗಳಲ್ಲಿ ಕೂಲಿ ಕಡಿಮೆ. ಕೆಲವರು ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರ್ತಾರೆ. ಬಿಸಿಲು ದಿನದಿನಕ್ಕೆ ಏರುತ್ತದೆ. ಇಂಥ ಹೊತ್ತಿನಲ್ಲಿ ಉಪವಾಸ ಅಂದರೆ ಹುಡುಗಾಟದ ಮಾತಲ್ಲ.

ಮೊದಲ ದಿನಕ್ಕೆ ಬೂದಿ ಬುಧವಾರ ಅಂತಾರೆ. ಹೋದ ವರ್ಷ ಗರಿಗಳ ಭಾನುವಾರ ಮನೆಗೆ ತಂದ ಗರಿಗಳು ಒಣಗಿ ಇರುತ್ತವಲ್ಲ, ಅವನ್ನು ಸುಟ್ಟು ಬೂದಿ ಮಾಡ್ತಾರೆ. ಚರ್ಚಿನಲ್ಲಿ ಸ್ವಾಮಿಗಳು ಅದನ್ನು ಒಬ್ಬೊಬ್ಬರ ಹಣೆಗೆ ಶಿಲುಬೆ ಗುರುತು ಮಾಡಿ ಹಚ್ಚುತ್ತಾರೆ. ಮಣ್ಣಿನಿಂದ ಬಂದೆ, ಮಣ್ಣಿಗೆ ಹೋಗ್ತೀ ಅಂತ ನೆನಪು ಮಾಡಿಕೊಡ್ತಾರೆ. ಸಾಹುಕಾರನಿಗೂ ಅದೇ ಬೂದಿ, ಕೂಲಿಯವಳಿಗೂ ಅದೇ ಬೂದಿ. ಅಂದಿನಿಂದ ಚರ್ಚಿನ ಪೀಠಕ್ಕೆ ಹೂವಿನ ಅಲಂಕಾರ ಇಲ್ಲ. ಸ್ವಾಮಿಗಳ ಪೂಜೆಯ ಬಟ್ಟೆ ನೇರಳೆ ಬಣ್ಣದ್ದು. ಮದುವೆಯ ಸಡಗರವನ್ನು ಈಸ್ಟರ್ ಆಗುವ ತನಕ ಮುಂದೆ ಹಾಕುವುದೇ ರೂಢಿ.

ಈಗ ಮುಖ್ಯ ಮಾತಿಗೆ ಬರೋಣ. ಕಲಿಕಾ ಕೇಂದ್ರದಲ್ಲಿ ಇಂಥ ಮಾತು ಏಳುತ್ತದೆ.

"ನಾ ಬಸುರಿ ಇದ್ದಾಗೂ ನಲವತ್ತು ದಿನ ಒಪ್ಪತ್ತು ಮಾಡೀನ್ರಿ ಟೀಚರ್. ದೇವರ ಕಟ್ಟಳಿ ಐತಿ, ಬಿಡಬಾರದು ಅಂತ ಅತ್ತಿ ಹೇಳಿದ್ರು."

"ಆ ಕಟ್ಟಳೆ ನೀವು ಓದೀರೇನವ್ವಾ?"

"ಆಗೆಲ್ಲಿ ಓದಾಕ ಬರ್ತಿತ್ರೀ!"

ಈಗ ಬರುತ್ತದೆ. ಓದೋಣ.

ಕಥೋಲಿಕ ಸಭೆಗೆ ಒಂದು ಕಾನೂನು ಪುಸ್ತಕ ಇದೆ. ಈಗಿನದು 1983ರಲ್ಲಿ ಬಂದದ್ದು. ಅದರ ಪ್ರಕಾರ ಕಡ್ಡಾಯ ಉಪವಾಸ ನಲವತ್ತು ದಿನವಲ್ಲ, ಎರಡೇ ದಿನ. ಒಂದು ಬೂದಿ ಬುಧವಾರ, ಇನ್ನೊಂದು ಶುಭ ಶುಕ್ರವಾರ. ಅದೂ 18 ವರ್ಷ ತುಂಬಿದವರಿಗೆ, 59 ತುಂಬುವ ತನಕ ಮಾತ್ರ. ಆ ದಿನವೂ ನೀರು ಬಿಡಬೇಕಾಗಿಲ್ಲ. ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು. ಇನ್ನೆರಡು ಹೊತ್ತು ಸ್ವಲ್ಪ ತಿನ್ನಬಹುದು. ಬೂದಿ ಬುಧವಾರ ಮತ್ತು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ತಿನ್ನುವಂತಿಲ್ಲ. ಇದು 14 ವರ್ಷ ತುಂಬಿದವರಿಗೆ.

ರೋಗಿಗಳಿಗೆ ಉಪವಾಸದ ಕಡ್ಡಾಯವಿಲ್ಲ. ಬಸುರಿಗೆ ಇಲ್ಲ. ಎದೆಹಾಲು ಕುಡಿಸುವ ತಾಯಿಗೆ ಇಲ್ಲ. ಮೈಮುರಿದು ದುಡಿಯುವವರಿಗೂ ವಿನಾಯಿತಿ ಇದೆ. ಸಂದೇಹ ಬಂದರೆ ಸ್ವಾಮಿಗಳನ್ನೇ ಕೇಳಿರಿ. ಕೇಳುವುದು ತಪ್ಪಲ್ಲ.

ಹಾಗಾದರೆ ಅತ್ತೆ ಸುಳ್ಳು ಹೇಳಿದರೇ? ಇಲ್ಲ. ಹಿಂದಿನ ಕಾಲದಲ್ಲಿ ಕಟ್ಟಳೆ ಬಿಗಿ ಇತ್ತು. 1966ರಲ್ಲಿ ಆಗಿನ ಪೋಪ್ ಆರನೇ ಪೌಲರು ಅದನ್ನು ಸಡಿಲ ಮಾಡಿದರು. ಸಡಿಲಾದ ಸುದ್ದಿ ಎಲ್ಲ ಅಡುಗೆಮನೆಗಳಿಗೂ ಮುಟ್ಟಬೇಕಲ್ಲ? ಹಳೆಯ ಮಾತು ಬಾಯಿಂದ ಬಾಯಿಗೆ ನಡೆದು ಬಂತು. ಭಕ್ತಿಯಿಂದ ಹೆಚ್ಚು ದಿನ ಹಿಡಿಯುವವರು ಹಿಡಿಯಲಿ. ಅದು ಅವರ ಇಷ್ಟ. ಆದರೆ ಇಷ್ಟ ಬೇರೆ, ಕಡ್ಡಾಯ ಬೇರೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇದು ಕ್ರೈಸ್ತರ ಮನೆಗೆ ಮಾತ್ರ ಅಲ್ಲ, ಎಲ್ಲರ ಮನೆಗೂ ಹೊಂದುತ್ತದೆ. ಗಂಡಸರ ಉಪವಾಸ ಅಂದರೆ ಊಟ ಬಿಡುವುದು. ಹೆಂಗಸರ ಉಪವಾಸ ಅಂದರೆ ಮಕ್ಕಳಿಗೆ, ಮುದುಕರಿಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಬುತ್ತಿ ಕಟ್ಟಿ, ನೀರು ಹೊತ್ತು, ಕೂಲಿಗೂ ಹೋಗಿ ಆಮೇಲೆ ಊಟ ಬಿಡುವುದು! ಉಪವಾಸ ಇಲ್ಲದ ದಿನವೂ ಕೊನೆಗೆ ಉಣ್ಣುವವಳು ಅವಳೇ. ಮಡಕೆಯ ತಳದಲ್ಲಿ ಉಳಿದರೆ ಉಂಟು. ಇದರಿಂದ ಮೈಯಲ್ಲಿ ರಕ್ತ ಕಡಿಮೆ ಆಗುತ್ತದೆ. ತಲೆ ತಿರುಗುತ್ತದೆ, ದಮ್ಮು ಹತ್ತುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ. ಅಂಥವರು ಒಪ್ಪತ್ತು ಹಿಡಿದು ಬಿಸಿಲಿಗೆ ಹೋಗಬಾರದು. ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಬೇಕು, ರಕ್ತ ಪರೀಕ್ಷೆ ಮಾಡಿಸಬೇಕು.

ಉಪವಾಸದಿಂದ ಉಳಿದ ಕಾಳು ಎಲ್ಲಿಗೆ ಹೋಗಬೇಕು? ಉಪವಾಸ, ಪ್ರಾರ್ಥನೆ, ದಾನ, ಈ ಮೂರೂ ಕೂಡಿದರೆ ತಪಸ್ಸುಕಾಲ. ಒಂದು ಬಿಟ್ಟರೂ ಮುಕ್ಕು. ನಾನು ಬಿಟ್ಟ ತುತ್ತು ಇನ್ನೊಬ್ಬರ ಹೊಟ್ಟೆಗೆ ಹೋಗಬೇಕು. ಕಾರಿತಾಸ್ ಇಂಡಿಯಾ ಎಂಬ ಕಥೋಲಿಕರ ಸೇವಾ ಸಂಸ್ಥೆ 1962ರಲ್ಲಿ ಹುಟ್ಟಿತು. ಅದು ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಆಂದೋಲನ ನಡೆಸುತ್ತದೆ. ದೇಶದ ಚರ್ಚುಗಳಲ್ಲಿ ಇದಕ್ಕಾಗಿ ಹಣ ಕೂಡಿಸ್ತಾರೆ. ಹಣ ಇಲ್ಲದವರೂ ಹಿಡಿ ಕಾಳು ಕೊಡಬಹುದು. ಹಿಡಿ ಕಾಳು ಎತ್ತಿಡುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ಮಠಗಳಿಗೂ ಹಾಗೆ ಕೊಡುವುದುಂಟು.

ಲೆಕ್ಕ ಮಾಡೋಣ. ಒಂದು ಹಿಡಿ ಅಕ್ಕಿ ಸುಮಾರು 50 ಗ್ರಾಂ ಅಂತ ಹಿಡಿಯಿರಿ. ಅಡುಗೆ ಮಾಡುವಾಗ ದಿನಾ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದರೆ 40 ದಿನಕ್ಕೆ 2000 ಗ್ರಾಂ. ಅಂದರೆ 2 ಕಿಲೋ. ಓಣಿಯಲ್ಲಿ 25 ಮನೆ ಇದ್ದರೆ 50 ಕಿಲೋ. ಗುಳೆ ಹೋದವರ ಮನೆಯಲ್ಲಿ ಉಳಿದ ಮುದುಕಿಗೆ, ಗಂಡ ಸತ್ತು ಮಕ್ಕಳನ್ನು ಸಾಕುವವಳಿಗೆ ಅದು ದೊಡ್ಡ ಆಸರೆ. ಕಾಳು ಕೂಡಿದ ಮೇಲೆ ಲೆಕ್ಕ ಬರೆಯಿರಿ. ದಿನಾಂಕ, ಮನೆ, ಎಷ್ಟು ಬಂತು, ಯಾರಿಗೆ ಹೋಯಿತು, ಇಷ್ಟು ಸಾಕು. ಲೆಕ್ಕದ ಪುಸ್ತಕ ಹೆಂಗಸರ ಕೈಯಲ್ಲೇ ಇರಲಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು.

ತಪಸ್ಸುಕಾಲದಲ್ಲಿ ಗಂಡಸರು ಬಿಡಬೇಕಾದದ್ದು ಅನ್ನಕ್ಕಿಂತ ಹೆಚ್ಚಾಗಿ ಕುಡಿತ. ಹಾಗೆ ಹರಕೆ ಹೊತ್ತು ಬಿಡುವವರೂ ಇದ್ದಾರೆ. ದಿನಕ್ಕೆ ನೂರು ರೂಪಾಯಿ ಕುಡಿಯುವವನು ನಲವತ್ತು ದಿನ ಬಿಟ್ಟರೆ ಎಷ್ಟು ಉಳಿಯಿತು? ನೀವೇ ಗುಣಿಸಿರಿ. 1990ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಹೆಂಗಸರು ಹೀಗೇ ರಾತ್ರಿ ಶಾಲೆಯಲ್ಲಿ ಪಾಠ ಓದಿದರು. ಸಾರಾಯಿ ಕುಡಿತದ ಪಾಠ ಅದು. ಓದಿ ಸುಮ್ಮನೆ ಕೂಡಲಿಲ್ಲ, ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. 1993ರಲ್ಲಿ ಅಲ್ಲಿಯ ಸರಕಾರ ಸಾರಾಯಿ ನಿಲ್ಲಿಸಿತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಬಾಟ್ಲಿ ಮಾತ್ರ ನಿಂತಿಲ್ಲ, ನೋಡ್ರಿ.

ಶುಕ್ರವಾರ ಬಂದರೆ ಶಿಲುಬೆ ಹಾದಿ. ಯೇಸುವನ್ನು ಶಿಲುಬೆಗೆ ಹಾಕಲು ಒಯ್ದ ದಾರಿಯ ನೆನಪು ಅದು. ಚರ್ಚಿನ ಗೋಡೆಯ ಮೇಲೆ ಹದಿನಾಲ್ಕು ಚಿತ್ರ ಇರುತ್ತವೆ. ಒಂದೊಂದಕ್ಕೂ ಸ್ಥಳ ಎನ್ನುತ್ತಾರೆ. ಜನ ಒಂದು ಸ್ಥಳದ ಮುಂದೆ ನಿಂತು ಪ್ರಾರ್ಥನೆ ಓದಿ, ಮೊಣಕಾಲೂರಿ, ಮುಂದಿನದಕ್ಕೆ ಹೋಗ್ತಾರೆ. ಹೊರಗೆ ಗುಡ್ಡದ ಕಡೆಗೆ, ಓಣಿಯಲ್ಲಿ ಮೆರವಣಿಗೆ ಹೋಗುವುದೂ ಉಂಟು. ಆ ದಾರಿಯಲ್ಲಿ ಯೇಸು ಮೂರು ಸಲ ಬೀಳ್ತಾರೆ. ನಾಲ್ಕನೇ ಸ್ಥಳದಲ್ಲಿ ತಾಯಿ ಮರಿಯಮ್ಮ ಎದುರಾಗ್ತಾರೆ. ಆರನೇ ಸ್ಥಳದಲ್ಲಿ ವೆರೋನಿಕಾ ಎಂಬವಳು ಸೈನಿಕರಿಗೆ ಹೆದರದೆ ಮುಂದೆ ಬಂದು ಅವರ ಮುಖದ ಬೆವರು, ರಕ್ತ ಒರೆಸ್ತಾಳೆ. ಎಂಟನೇ ಸ್ಥಳದಲ್ಲಿ ಜೆರುಸಲೇಮಿನ ಹೆಂಗಸರು ಅಳ್ತಾ ನಿಂತಿರ್ತಾರೆ. ಯೇಸುವಿನ ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದರು. ಹೆಂಗಸರು ಓಡಲಿಲ್ಲ.

ಈ ಹದಿನಾಲ್ಕು ಪ್ರಾರ್ಥನೆಗಳನ್ನು ಓದುವವರು ಯಾರು? ಓದು ಬಲ್ಲ ನಾಲ್ಕು ಜನರೇ ಯಾವಾಗಲೂ ಓದ್ತಾರೆ. ಉಳಿದವರು ಹಿಂದೆ ನಿಂತು ಕೇಳ್ತಾರೆ. ಹೊಸದಾಗಿ ಅಕ್ಷರ ಕಲಿತ ಅಕ್ಕಂದಿರು ಒಂದು ಸ್ಥಳ ನಮಗೆ ಕೊಡ್ರಿ ಅಂತ ಕೇಳಬಹುದು. ಒಂದು ಸ್ಥಳ ಅಂದರೆ ಅರ್ಧ ಪುಟ. ವಾರಪೂರ್ತಿ ಮನೆಯಲ್ಲಿ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಂಡರೆ ಶುಕ್ರವಾರ ನಾಲಿಗೆ ತೊಡರುವುದಿಲ್ಲ. ಒತ್ತಕ್ಷರ ಬಂದಾಗ ನಿಂತು ಓದಿರಿ. ಅವಸರ ಬೇಡ. ಕೇಳುವವರು ಕಾಯ್ತಾರೆ.

ಕೊನೆಯ ವಾರ ಪವಿತ್ರ ವಾರ. ಭಾನುವಾರ ಗರಿಗಳ ಮೆರವಣಿಗೆ. ಗುರುವಾರ ಸಂಜೆ ಕಾಲು ತೊಳೆಯುವ ವಿಧಿ. ಯೇಸು ಸಾಯುವ ಹಿಂದಿನ ರಾತ್ರಿ ತಮ್ಮ ಶಿಷ್ಯರ ಕಾಲು ತೊಳೆದರು. ಆಗ ಕಾಲು ತೊಳೆಯುವುದು ಆಳಿನ ಕೆಲಸವಾಗಿತ್ತು. ಅದರ ನೆನಪಿಗೆ ಸ್ವಾಮಿಗಳು ನೀರು, ಟವೆಲ್ ತಗೊಂಡು ಜನರ ಕಾಲು ತೊಳೀತಾರೆ. ಸಾಮಾನ್ಯವಾಗಿ ಹನ್ನೆರಡು ಜನ. ಹಿಂದಿನ ನಿಯಮದಂತೆ ಅವರು ಗಂಡಸರೇ ಆಗಿರಬೇಕಿತ್ತು. 2016ರಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಆ ನಿಯಮ ಬದಲಿಸಿದರು. ಹೆಂಗಸರನ್ನೂ ಕೂಡಿಸಬಹುದು ಅಂದರು. 2024ರಲ್ಲಿ ಅವರು ರೋಮ್ ನಗರದ ಹೆಂಗಸರ ಜೈಲಿಗೆ ಹೋಗಿ ಹನ್ನೆರಡು ಕೈದಿ ಹೆಂಗಸರ ಕಾಲು ತೊಳೆದು ಮುತ್ತಿಟ್ಟರು. ಆಗ ಅವರಿಗೆ 87 ವರ್ಷ. ಗಾಲಿ ಕುರ್ಚಿಯ ಮೇಲೆ ಕುಳಿತೇ ತೊಳೆದರು.

ನೆಲ್ಲು ನಾಟಿ ಮಾಡಿದ ಕಾಲು ಹೇಗಿರುತ್ತದೆ, ನಮಗೆ ಗೊತ್ತು. ಬೆರಳ ಸಂದಿ ಕೆಸರು ತಿಂದಿರುತ್ತದೆ. ಹಿಮ್ಮಡಿ ಒಡೆದಿರುತ್ತದೆ. ಇಂಥ ಕಾಲನ್ನು ನಾಲ್ಕು ಮಂದಿ ಎದುರು ಚಾಚಲು ನಾಚಿಕೆ ಆಗುತ್ತದೆ. ನಾಚಬೇಕಾಗಿಲ್ಲ. ಆ ವಿಧಿ ಇರುವುದೇ ಇಂಥ ಕಾಲಿಗಾಗಿ.

ಶುಭ ಶುಕ್ರವಾರ ಯೇಸು ಸತ್ತ ದಿನ. ಅವತ್ತು ಜಗತ್ತಿನ ಯಾವ ಕಥೋಲಿಕ ಚರ್ಚಿನಲ್ಲೂ ಬಲಿಪೂಜೆ ಇಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಜನ ಸೇರಿ ಶಿಲುಬೆಗೆ ಮುತ್ತಿಟ್ಟು ನಮಸ್ಕರಿಸ್ತಾರೆ. ಹಲವು ಕಡೆ ಆಮೇಲೆ ಎಲ್ಲರೂ ಕೂಡಿ ಗಂಜಿ ಕುಡೀತಾರೆ. ಶನಿವಾರ ರಾತ್ರಿ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚಿ ಕತ್ತಲೆಯ ಚರ್ಚಿಗೆ ಒಯ್ಯುತ್ತಾರೆ. ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ತಾರೆ. ಬೆಳಗಾದರೆ ಈಸ್ಟರ್.

ಓದಿ, ಮಾತಾಡಿ, ಬರೆಯಿರಿ

ನಿಮ್ಮ ಓಣಿಯಲ್ಲಿ 18 ಮನೆ ಇವೆ. ದಿನಕ್ಕೆ ಒಂದು ಹಿಡಿಯಂತೆ 40 ದಿನಕ್ಕೆ ಎಷ್ಟು ಕಿಲೋ ಕೂಡುತ್ತದೆ? ಅದನ್ನು ಯಾರಿಗೆ ಕೊಡ್ತೀರಿ? ಲೆಕ್ಕದ ಮೊದಲ ಸಾಲು ನೀವೇ ಬರೆಯಿರಿ.

ತಪಸ್ಸುಕಾಲ, ಶಿಲುಬೆ, ಕಟ್ಟಳೆ, ವಿನಾಯಿತಿ. ಈ ನಾಲ್ಕು ಮಾತು ಮೂರು ಮೂರು ಸಲ ಬರೆಯಿರಿ.

ನಿಮ್ಮ ಮನೆಯಲ್ಲಿ ಯಾವ ಯಾವ ಉಪವಾಸ ಹಿಡೀತೀರಿ? ಹಿಡಿಯುವವರು ಯಾರು? ಆ ದಿನ ಒಲೆಯ ಮುಂದೆ ಕೂಡುವವರು ಯಾರು?